ಟೀಚರಮ್ಮನ ಬೆರಳಿನ ಅಳತೆ

ಮೊರದಲ್ಲಿ ಹೆಸರುಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದೆ. ಅರ್ಧ ಮೊರ ಮುಗಿದಿತ್ತು. ಅಡುಗೆಮನೆಯ ಕಿಟಕಿಯ ಕೆಳಗೆ, ಒಂದು ಕಾಲದಲ್ಲಿ ನಾನು ಹಿಟ್ಟು ನಾದುತ್ತಿದ್ದ ಮೇಜಿನ ಮುಂದೆ ಕೂತು, ನಮ್ಮ ಯಜಮಾನರು ತೆಳುವಾದ ಬೆಳ್ಳಿಪಟ್ಟಿಯೊಂದನ್ನು ಹಸಿರು ಹರಳಿಗೆ ಸುತ್ತಿ ನೋಡುತ್ತಿದ್ದರು. ಇಂಥ ಕೆಲಸ ಮಾಡುವಾಗ ಅವರ ನಾಲಿಗೆಯ ತುದಿ ಬಾಯಿಯ ಎಡಮೂಲೆಯಿಂದ ಹೊರಗೆ ಬರುತ್ತದೆ. ಕೆಲಸ ಕೆಡುವ ಹೊತ್ತಿಗೆ ಬಲಮೂಲೆಗೆ ಹೋಗುತ್ತದೆ. ನಾನು ನೋಡಿದಾಗ ಅದು ಸರಿಯಾಗಿ ನಡುವೆ ಇತ್ತು.

"ಲೇ, ಟೀಚರಮ್ಮನ ಬೆರಳಿನ ಅಳತೆ ಎಷ್ಟು?" ಎಂದರು.

"ನನಗೇನ್ರೀ ಗೊತ್ತು?"

"ಅಷ್ಟು ವರ್ಷ ಪಾಠ ಹೇಳಿಸ್ಕೊಂಡಿದೀಯ, ಬೆರಳು ಗೊತ್ತಿಲ್ಲ ಅಂತೀಯ."

ನಮ್ಮ ಬೀದಿಯೆಲ್ಲ ತಲೆಕೆಳಗಾದದ್ದು ಈ ಪ್ರಶ್ನೆಯಿಂದ. ಆದ್ದರಿಂದ ಮೊದಲು ಟೀಚರಮ್ಮನ ವಿಷಯ ಹೇಳಿಬಿಡುತ್ತೇನೆ.

ನಾನು ಅಕ್ಷರ ಕಲಿತದ್ದು ನನ್ನ ಮೊಮ್ಮಕ್ಕಳು ಕಲಿತ ಮೇಲೆ, ರಾತ್ರಿ ಶಾಲೆಯಲ್ಲಿ. ನನ್ನದು ಸೌಟು ಹಿಡಿದು ಪಳಗಿದ ಕೈ. ಪೆನ್ಸಿಲು ಕೊಟ್ಟರೆ ಅದನ್ನೂ ಸಾರು ತಿರುವಿದ ಹಾಗೆ ತಿರುವುತ್ತಿತ್ತು. ಟೀಚರಮ್ಮ ಒಂದು ದಿನವೂ ಬೇಸರಿಸಲಿಲ್ಲ. ನನ್ನ ಬೆನ್ನ ಹಿಂದೆ ನಿಂತು, ನನ್ನ ಕೈ ಮೇಲೆ ತಮ್ಮ ಕೈ ಇಟ್ಟು, ಒಂದೊಂದೇ ಅಕ್ಷರವನ್ನು ಸುತ್ತಿಸಿ ಸುತ್ತಿಸಿ ಬರೆಸಿದರು. ಅವರ ಉಂಗುರ ತಣ್ಣಗೆ ನನ್ನ ಗೆಣ್ಣಿಗೆ ತಾಗುತ್ತಿತ್ತು. ಹಸಿರು ಹರಳಿನ ಉಂಗುರ, ಅವರ ತಾಯಿಯದು.

ಅವರಿಗೆ ದೂರದ ಊರಿಗೆ ವರ್ಗವಾಯಿತು. ಕೊನೆಯ ತರಗತಿಯ ದಿನವೇ ಉಂಗುರದ ಹರಳು ಎಲ್ಲೋ ಬಿದ್ದುಹೋಯಿತು. ನಾವು ವಯಸ್ಸಾದ ವಿದ್ಯಾರ್ಥಿಗಳೆಲ್ಲ ಮಂಡಿ ನೋವು ಮರೆತು ಬೆಂಚಿನ ಕೆಳಗೆ ತೆವಳಿದೆವು. "ಬಿಡಿ, ಸಾಕು ಏಳಿ" ಎಂದು ಟೀಚರಮ್ಮ ನಕ್ಕರು. ಆದರೆ ಅವರ ಹೆಬ್ಬೆರಳು ಮತ್ತೆ ಮತ್ತೆ ಆ ಖಾಲಿ ಕುಳಿಯನ್ನು ಸವರುತ್ತಿತ್ತು. ಹೊರಡುವಾಗ ನನಗೆ ಹೇಳಿದರು: "ವಿಳಾಸ ಕಳಿಸ್ತೀನಿ. ನೀವು ಕಾಗದ ಬರೀಬೇಕು. ಯಾರ ಹತ್ರಾನೂ ತಿದ್ದಿಸಬಾರದು." ಅವರು ಹೋದ ಮೇಲೆ ಶಾಲೆ ಗುಡಿಸಲು ನಿಂತ ನನಗೆ, ಸೀಮೆಸುಣ್ಣದ ಡಬ್ಬಿಯ ತಳದ ಪುಡಿಯಲ್ಲಿ ಹರಳು ಸಿಕ್ಕಿತು.

ವಿಳಾಸ ಬಂತು. ಕಾಗದ ಬರೆದೆ. ಹರಳನ್ನು ಅದರೊಳಗೆ ಮಡಿಸಿಟ್ಟೆ. ಅಂಟು ಹಚ್ಚುವ ಹೊತ್ತಿಗೆ ನಮ್ಮ ಯಜಮಾನರು ಅಡ್ಡ ಬಂದರು.

"ಬರೀ ಕಲ್ಲು ಕಳಿಸಿದ್ರೆ ಅವರು ಎಲ್ಲಿ ಕೂರಿಸ್ತಾರೆ? ಹಳೇ ಉಂಗುರದ ಅಂಚು ಸವೆದಿದ್ದಕ್ಕೇ ಅಲ್ವಾ ಇದು ಬಿದ್ದಿದ್ದು? ಹೊಸ ಉಂಗುರ ನಾನು ಮಾಡ್ತೀನಿ. ಕಾಗದ ಅದರ ಜೊತೆ ಹೋಗಲಿ."

ಆಗ ಅವರು ಬಸ್ ಡಿಪೋದ ಟೈಮ್‌ಕೀಪರ್ ಕೆಲಸದಿಂದ ಆಗಷ್ಟೇ ನಿವೃತ್ತರಾಗಿದ್ದರು. ಬೆಳ್ಳಿಯನ್ನು ಅಂಗಡಿಯ ಗಾಜಿನಾಚೆ ಬಿಟ್ಟು ಬೇರೆಲ್ಲೂ ನೋಡಿದವರಲ್ಲ. ಮಾತು ಕೊಟ್ಟ ಮೇಲೆ, ಸಮುದಾಯ ಭವನದಲ್ಲಿ ನಡೆಯುವ ಬೆಳ್ಳಿ ಕೆಲಸದ ತರಗತಿಗೆ ಸೇರಿಕೊಂಡರು. ಕಾಗದ ಕ್ಯಾಲೆಂಡರಿನ ಹಿಂದೆ ಸೇರಿತು. ಆಮೇಲೆ ಆ ಕ್ಯಾಲೆಂಡರನ್ನೇ ಬದಲಾಯಿಸಿದೆವು. ಕಾಗದ ಅಲ್ಲೇ ಇತ್ತು.

ಹರಳು ಕೂರಿಸುವ ಕೆಲಸ ಕೇಳಲು ಸುಲಭ. ಹರಳಿನ ಸುತ್ತಳತೆಗೆ ಬೆಳ್ಳಿಪಟ್ಟಿ ಕತ್ತರಿಸಿ, ಎರಡು ತುದಿ ಬೆಸೆದು ಗೋಡೆ ಮಾಡಬೇಕು. ಗೋಡೆಯನ್ನು ಒಂದು ತಗಡಿನ ಮೇಲೆ ಬೆಸೆಯಬೇಕು. ತಗಡಿಗೆ ಉಂಗುರದ ಬಳೆ, ಅಂದರೆ ಬೆರಳು ಸುತ್ತುವ ಪಟ್ಟಿ, ಬೆಸೆಯಬೇಕು. ಬೆಂಕಿಯ ಕೆಲಸವೆಲ್ಲ ಮುಗಿದ ಮೇಲೆ ಕಟ್ಟಕಡೆಗೆ ಹರಳನ್ನು ಒಳಗಿಟ್ಟು, ಗೋಡೆಯ ಅಂಚನ್ನು ಅದರ ಮೇಲೆ ಬಾಗಿಸಬೇಕು. ಮೊದಲೇ ಇಟ್ಟರೆ ಬೆಂಕಿಯ ಕಾವಿಗೆ ಹರಳು ಬಿರಿಯುತ್ತದೆ. ನಡುವೆ ಅಳತೆ ನೋಡಲು ಹರಳನ್ನು ಒಳಗಿಡಬೇಕಾದರೆ, ಅದರ ಕೆಳಗೆ ಅಡ್ಡಲಾಗಿ ಒಂದು ದಾರ ಹಾಸಿರಬೇಕು. ದಾರ ಎಳೆದರೆ ಹರಳು ಹೊರಗೆ. ದಾರವಿಲ್ಲದಿದ್ದರೆ ಹರಳು ಬಿಗಿಯಾಗಿ ಕೂತುಬಿಡುತ್ತದೆ, ಕರೆದರೂ ಏಳುವುದಿಲ್ಲ. ಇದಕ್ಕೆಂದೇ ಬೆಳ್ಳಿ ಮೇಷ್ಟ್ರು ಪ್ರತಿಯೊಬ್ಬರಿಗೂ ಒಂದೊಂದು ಉಂಡೆ ಮೇಣದ ದಾರ ಕೊಟ್ಟಿದ್ದರು. ಓದುವವರು ಈ ದಾರವನ್ನು ನೆನಪಿಟ್ಟುಕೊಳ್ಳಬೇಕು. ನಮ್ಮ ಯಜಮಾನರು ಇಟ್ಟುಕೊಳ್ಳಲಿಲ್ಲ.

ಮೊದಮೊದಲು ಮಾಡಿದ ಗೋಡೆಗಳು ಕರಗಿ ಗುಂಡಗಾದವು. ಆಮೇಲಿನವು ಹರಳಿಗಿಂತ ದೊಡ್ಡವಾದವು. ಒಂದು ಮಾತ್ರ ನನ್ನ ಮೂಗಿಗೆ ಮೂಗುತಿಯಾಗುವಷ್ಟು ಚೆನ್ನಾಗಿತ್ತು, ಆದರೆ ಹರಳಿಗೆ ಸಲ್ಲಲಿಲ್ಲ. ಹೀಗೇ ಇನ್ನೂ ಎಷ್ಟು ಕಾಲ ನಡೆಯುತ್ತಿತ್ತೋ. ಆ ಬೆಳಿಗ್ಗೆ, ನಮ್ಮ ರಾತ್ರಿ ಶಾಲೆಯ ಜವಾನ ಬಾಗಿಲಲ್ಲಿ ನಿಂತು ಸುದ್ದಿ ಹೇಳಿದ. ಟೀಚರಮ್ಮ ಈ ತಿಂಗಳ ಕೊನೆಗೆ ನಿವೃತ್ತಿಯಾಗುತ್ತಾರಂತೆ, ಮನೆ ಖಾಲಿ ಮಾಡಿ ತಮ್ಮನ ಊರಿಗೆ ಹೋಗುತ್ತಾರಂತೆ, ಆ ವಿಳಾಸ ಯಾರಿಗೂ ಗೊತ್ತಿಲ್ಲವಂತೆ. ತಿಂಗಳು ಆಗಲೇ ಮುಕ್ಕಾಲು ಕಳೆದಿತ್ತು. ಅದಕ್ಕೇ ಬೆರಳಿನ ಅಳತೆಯ ಪ್ರಶ್ನೆ ಬಂದದ್ದು.

"ಬೆರಳು ಕಣ್ಣಿಗೆ ಬರ್ತಾ ಇಲ್ಲ ರೀ," ಎಂದೆ. "ಆದ್ರೆ ಅಂಥ ಕೈ ನನ್ನ ಕೈ ಮೇಲೆ ಇಟ್ರೆ ಗೊತ್ತಾಗತ್ತೆ."

ಇವರು ಎದ್ದುನಿಂತರು. "ಬೀದಿ ತುಂಬ ಹೆಂಗಸರಿದಾರೆ. ಯಾರದಾದ್ರೂ ಒಂದು ಕೈ ಸರಿಹೋಗ್ಲೇಬೇಕು."

ಮೊದಲು ಬಂದವಳು ಪಕ್ಕದ ಮನೆಯ ಟೈಲರಮ್ಮ. ಯಾಕೆ ಏನು ಎಂದು ಇವರು ಹೇಳಲಿಲ್ಲ. ಬಸ್ಸು ಯಾಕೆ ತಡ ಎಂದು ಕೇಳಿದವರಿಗೆ ಜನ್ಮದಲ್ಲಿ ಉತ್ತರ ಕೊಟ್ಟವರಲ್ಲ, ಅದೇ ಅಭ್ಯಾಸ. "ಇಲ್ಲಿ ಕೂತ್ಕೊಳ್ಳಿ. ಅವಳ ಕೈ ಮೇಲೆ ಕೈ ಇಡಿ. ಮಾತಾಡಬೇಡಿ" ಎಂದಷ್ಟೇ ಹೇಳಿದರು. ನಾನು ಕಣ್ಣು ಮುಚ್ಚಿ, ಟೀಚರಮ್ಮನನ್ನು ನೆನೆದುಕೊಂಡು, ಕೈಯನ್ನು ಬರೆಯುವ ಹಾಗೆ ಒಂದು ಸುತ್ತು ತಿರುಗಿಸಿದೆ.

"ಇದಲ್ಲ," ಎಂದೆ.

ಇವರು ಮೇಣದ ದಾರ ತುಂಡು ಮಾಡಿ ಅವಳ ಬೆರಳಿಗೆ ಗಂಟು ಹಾಕಿ ಅಳತೆ ನೋಡಿದರು. ಕೈ ಸರಿಹೋಗದ ಮೇಲೆ ಅಳತೆ ಯಾಕೆ ಎಂದರೆ, "ದಾಖಲೆಗೆ ಇರಲಿ" ಎಂದರು. ಟೈಲರಮ್ಮ ಎದ್ದುಹೋದಳು. ಬೆರಳಿನ ದಾರ ಬೆರಳಲ್ಲೇ ಹೋಯಿತು.

ಆಮೇಲೆ ತಿಳಿದದ್ದು ಏನೆಂದರೆ, ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ಒಂದೇ ಯೋಚನೆ ಓಡುತ್ತಿತ್ತಂತೆ. ಅಂಗಡಿಯನ್ನು ಮೂಲೆಯ ಹೊಸ ಕಟ್ಟಡಕ್ಕೆ ಸಾಗಿಸಲೋ ಬೇಡವೋ ಎಂದು. ಮುದುಕಿ ಕಣ್ಣು ಮುಚ್ಚಿ "ಇದಲ್ಲ" ಅಂದುಬಿಟ್ಟಳು. ಅವಳು ಸಾಗಿಸಲಿಲ್ಲ. ಆ ರಾತ್ರಿಯೇ ಹೊಸ ಕಟ್ಟಡದ ನೀರಿನ ಟ್ಯಾಂಕು ಒಡೆದು ನೆಲ ಅಂತಸ್ತಿನ ಅಂಗಡಿಗಳೆಲ್ಲ ತೊಯ್ದುಹೋದವು.

ಇನ್ನು ಕೇಳಬೇಕೆ.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಹೆಂಗಸರು ಕೂತಿದ್ದರು. ಒಳಗೆ ಬರುತ್ತಾರೆ, ನನ್ನ ಕೈ ಮೇಲೆ ಕೈ ಇಡುತ್ತಾರೆ, ನನಗಿಂತ ಬಿಗಿಯಾಗಿ ಕಣ್ಣು ಮುಚ್ಚುತ್ತಾರೆ. ನಾನು "ಇದಲ್ಲ" ಎಂದರೆ ಕೆಲವರು ನಿಟ್ಟುಸಿರು ಬಿಡುತ್ತಾರೆ, ಕೆಲವರು ನೆಮ್ಮದಿಯಿಂದ ನಗುತ್ತಾರೆ, ಒಬ್ಬಳಂತೂ ಕೈ ಮುಗಿದು ಹೋದಳು. ನನಗೆ ಮನಸ್ಸು ತುಂಬಿಬಂತು. ಓದು ಕಲಿಸಿದವರಿಗೆ ಒಂದು ಉಂಗುರ ಕಳಿಸಬೇಕೆಂದರೆ ಇಷ್ಟು ಜನ ಮನೆಗೆಲಸ ಬಿಟ್ಟು ಕೈ ಕೊಡಲು ಬರುತ್ತಾರಲ್ಲ, ಎಂಥ ಬೀದಿಯಲ್ಲಿ ಬಾಳುತ್ತಿದ್ದೇನೆ ಎಂದುಕೊಂಡೆ.

ನಮ್ಮ ಯಜಮಾನರ ಲೆಕ್ಕವೇ ಬೇರೆ. ತಮ್ಮ ಬೆಳ್ಳಿ ಕೆಲಸದ ಹೆಸರು ಊರಲ್ಲೆಲ್ಲ ಹಬ್ಬಿದೆ ಎಂದೇ ನಂಬಿ, ಕನ್ನಡಕ ಒರೆಸಿ ಹಾಕಿಕೊಂಡು, ಕಾಯುತ್ತಿದ್ದವರಿಗೆಲ್ಲ ಪಾಠ ಹೇಳಿದರು. "ಅಂಚು ಬಾಗಿಸುವಾಗ ಒಂದೇ ಕಡೆಯಿಂದ ಒತ್ತುತ್ತಾ ಹೋಗಬಾರದು. ಕೊನೇಲಿ ಸುಕ್ಕು ಬೀಳತ್ತೆ. ಈ ಕಡೆ ಸ್ವಲ್ಪ, ಎದುರು ಕಡೆ ಸ್ವಲ್ಪ." ಗಂಡನಿಗೂ ಅತ್ತೆಗೂ ನಡುವೆ ಸಿಕ್ಕಿಕೊಂಡಿದ್ದ ಹಾಲಿನ ಬೂತಿನ ಹುಡುಗಿ ಇದನ್ನು ಎರಡು ಸಲ ಹೇಳಿಸಿಕೊಂಡು ಹೋದಳು. ಆಮೇಲೆ ಅವಳ ಮನೆಯಲ್ಲಿ ಜಗಳ ಕೇಳಿಬರಲಿಲ್ಲ. ಇವರ ಪಾಠದಿಂದ ಯಾರಿಗಾದರೂ ಉಪಯೋಗವಾದದ್ದು ಅದೊಂದೇ ಸಲ.

ಔಷಧಿ ಅಂಗಡಿಯಾಕೆ ಮದುವೆಯಾಗದ ಹುಡುಗಿ. ಅವಳು ಕೈ ಇಟ್ಟ ತಕ್ಷಣ ನಾನು ನೆಟ್ಟಗೆ ಕೂತೆ. ಬಹಳ ಹತ್ತಿರದ ಕೈ.

"ಹೆಚ್ಚುಕಡಿಮೆ ಸರಿ," ಎಂದೆ. "ಆದ್ರೆ ಇದಲ್ಲ. ಒಂಚೂರು ದಪ್ಪ."

ಅವಳು ಗಾಬರಿಯಿಂದ "ನಿಮಗೆ ಹೇಗೆ ಗೊತ್ತಾಯ್ತಮ್ಮಾ?" ಎಂದಳು.

"ಕೈ ಹೇಳತ್ತಲ್ಲ ಮಗಾ."

ಆ ಸಂಜೆಯೇ ಅವಳು, ತಾಯಿ ನೋಡಿಟ್ಟಿದ್ದ ವರನನ್ನು ಬೇಡವೆಂದಳಂತೆ. ಹುಡುಗ ಸ್ವಲ್ಪ ದಪ್ಪವಂತೆ.

ಸುದ್ದಿ ನನ್ನ ನಾದಿನಿಯ ಊರಿನವರೆಗೂ ಹೋಯಿತು. ಅವಳು ಅಣ್ಣನ ಬೆಳ್ಳಿ ಕೆಲಸಕ್ಕೆ "ಬೊಂಬೆ ಆಟ" ಎಂದು ಹೆಸರಿಟ್ಟವಳು. ಬಸ್ಸಿಳಿದು ಬಂದವಳೇ, ಚೀಲವನ್ನೂ ಕೆಳಗಿಡದೆ, ನನ್ನ ಕೈ ಮೇಲೆ ಕೈ ಇಟ್ಟಳು.

"ಇದಲ್ಲ," ಎಂದೆ.

"ಇನ್ನೊಂದ್ಸಲ ನೋಡಿ ಅತ್ತಿಗೆ."

"ಅಲ್ಲ ಕಣಮ್ಮಾ. ನಿನ್ನ ಕೈ ನನಗೆ ಗೊತ್ತಿಲ್ವಾ?"

"ಹೌದು ಅನ್ನೋವರೆಗೂ ನಾನು ಕೈ ತೆಗೆಯಲ್ಲ."

ತೆಗೆಯಲಿಲ್ಲ. ಕಾಫಿಯನ್ನು ಎಡಗೈಯಲ್ಲಿ ಕುಡಿದಳು. ಮಧ್ಯಾಹ್ನದ ಊಟಕ್ಕೆ ಬಡಿಸಲು ನಾನು ಎದ್ದರೆ ನನ್ನ ಜೊತೆಗೇ ಎದ್ದು, ನಾವಿಬ್ಬರೂ ಒಂದೇ ಸೌಟು ಹಿಡಿದು ಬಡಿಸಿದೆವು. ಕೈ ಸೋತ ಮೇಲೆ ಬಿಟ್ಟಳು, ಆದರೆ ಊರಿಗೆ ಹೋಗಲಿಲ್ಲ. "ನಾಳೆ ನಿಮ್ಮ ಮನಸ್ಸು ಚೆನ್ನಾಗಿರಬಹುದು" ಎಂದು ಉಳಿದುಕೊಂಡಳು.

ಅದರ ಮರುದಿನ ಬಾಗಿಲಲ್ಲಿ ನಿಂತವರು ನಗರಸಭೆಯ ಪರವಾನಗಿ ಅಧಿಕಾರಿ. ಇಸ್ತ್ರಿಯ ಗೆರೆ ಮುರಿಯದ ಸೀರೆ, ಕಂಕುಳಲ್ಲಿ ಕಡತ, ನಗು ಎಂಬುದನ್ನು ಕಚೇರಿಯಲ್ಲೇ ಬಿಟ್ಟು ಬಂದ ಮುಖ. ಮೆಟ್ಟಿಲ ಮೇಲಿದ್ದವರೆಲ್ಲ ಜಾಗ ಬಿಟ್ಟರು, ಹೋಗಲಿಲ್ಲ.

"ಇಲ್ಲಿ ಭವಿಷ್ಯ ಹೇಳೋರು ಯಾರು?"

ನಮ್ಮ ಯಜಮಾನರು ಬೆಳ್ಳಿ ಉಜ್ಜುವ ಅರ ಕೆಳಗಿಟ್ಟು, "ಇಲ್ಲಿ ಹರಳು ಕೂರಿಸೋ ಕೆಲಸ ಮಾತ್ರ ಮೇಡಂ," ಎಂದರು.

"ಬೀದಿ ತುಂಬ ಹೆಂಗಸರು ಬೆರಳಿಗೆ ದಾರ ಕಟ್ಕೊಂಡು ಓಡಾಡ್ತಿದಾರೆ. ಸ್ನಾನ ಮಾಡಿದ್ರೂ ಬಿಚ್ಚಲ್ಲ ಅಂತಾರೆ. ಯಾರು ಕಟ್ಟಿದ್ದು ಅಂದ್ರೆ ನಿಮ್ಮ ಮನೆ ತೋರಿಸ್ತಾರೆ. ಏನದು?"

"ಅಳತೆ ಮೇಡಂ."

"ಯಾರ ಅಳತೆ?"

"ಟೀಚರಮ್ಮಂದು."

"ಟೀಚರಮ್ಮ ಎಲ್ಲಿದಾರೆ?"

"ಇಲ್ಲಿ ಇಲ್ಲ. ಅದಕ್ಕೇ ಇವರದೆಲ್ಲ ತಗೊಳ್ತಿರೋದು."

ಅಧಿಕಾರಿ ಕುರ್ಚಿ ಎಳೆದುಕೊಂಡು ನೋಟಿಸು ಬರೆದರು. ಪರವಾನಗಿ ಇಲ್ಲದೆ ಭವಿಷ್ಯ ಹೇಳುವ ವ್ಯವಹಾರ, ಕೂಡಲೇ ನಿಲ್ಲಿಸತಕ್ಕದ್ದು, ಉಪಕರಣಗಳು ಜಪ್ತಿಗೆ ಒಳಪಡತಕ್ಕವು. ಉಪಕರಣ ಎಂದರೆ ಅರ, ಇಕ್ಕಳ, ಊದುಗೊಳವೆ, ಹರಳು. ಓದಲು ಬರುವುದರಿಂದ ನನಗೆ ಎಲ್ಲ ಅರ್ಥವಾಯಿತು. ಓದು ಬರದಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸಿದ್ದು ಆ ಒಂದು ಗಳಿಗೆ ಮಾತ್ರ.

"ಹೆಬ್ಬೆಟ್ಟು ಒತ್ತಿ," ಎಂದರು.

"ಸಹಿ ಮಾಡ್ತೀನಿ," ಎಂದೆ.

ಪೆನ್ನು ಹಿಡಿದೆ. ಹಾಳೆಯ ಮೇಲೆ ಎಲ್ಲಿ ಬರೆಯಬೇಕೋ ಗೊತ್ತಾಗಲಿಲ್ಲ. ಅಧಿಕಾರಿ ತಾಳ್ಮೆಗೆಟ್ಟು, ನನ್ನ ಹಿಂದಿನಿಂದ ಬಾಗಿ, ನನ್ನ ಕೈ ಮೇಲೆ ಕೈ ಇಟ್ಟು, "ಇಲ್ಲಿ ಅಮ್ಮಾ, ಈ ಗೆರೆ ಮೇಲೆ," ಎಂದರು.

ನನ್ನ ಕಣ್ಣು ತಾನಾಗಿ ಮುಚ್ಚಿತು.

"ರೀ," ಎಂದೆ. "ಇದೇ. ಇದೇ ಕೈ ರೀ."

ಇವರು ಕೊನೆಗೆ ಉಳಿದಿದ್ದ ಒಂದು ಗೇಣು ದಾರ ಹಿಡಿದು ಬಂದು, ಅಧಿಕಾರಿಯ ಬೆರಳಿಗೆ ಸುತ್ತಿಯೇಬಿಟ್ಟರು.

"ಏನ್ರೀ ಮಾಡ್ತಿದೀರ?"

"ಉಂಗುರಕ್ಕೆ ಮೇಡಂ. ಅಲ್ಲಾಡಬೇಡಿ."

"ನನಗೆ ಉಂಗುರಾನಾ?" ಅವರ ದನಿ ತಣ್ಣಗಾಯಿತು. "ನೋಟಿಸು ಕೊಡಕ್ಕೆ ಬಂದವಳಿಗೆ ಉಂಗುರ ಮಾಡ್ಸಿ ಕೊಡ್ತೀರಾ? ಇಷ್ಟು ಜನರ ಎದುರಿಗೆ?"

ನಾದಿನಿ ಅಡುಗೆಮನೆಯಿಂದಲೇ ಹೇಳಿದಳು: "ಹುಟ್ಟಿದಾಗಿಂದ ತಂಗಿ ನಾನು. ನನಗೆ ಒಂದು ಮೂಗುತಿ ಮಾಡ್ಲಿಲ್ಲ. ಇವರಿಗೆ ಬಂದ ದಿನವೇ ಉಂಗುರ."

ಇನ್ನು ಮಾತಿನಿಂದ ಆಗುವುದಿಲ್ಲ ಎಂದು ನನಗೆ ತಿಳಿಯಿತು. ನಾನು ಮಾತಾಡಿದಷ್ಟೂ ಜನ ಇನ್ನೇನೋ ತಿಳಿಯುತ್ತಿದ್ದರು. ಎದ್ದು ಹೋಗಿ ಕ್ಯಾಲೆಂಡರಿನ ಹಿಂದಿದ್ದ ಕಾಗದ ತೆಗೆದು ಅವರ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದರು. ಆಮೇಲೆ ಕೂತುಕೊಂಡು ಇನ್ನೊಮ್ಮೆ ಓದಿದರು. ಅದರಲ್ಲಿ ದೊಡ್ಡದೇನೂ ಇರಲಿಲ್ಲ. ಈಗ ಬಸ್ಸಿನ ಬೋರ್ಡು ನಾನೇ ಓದುತ್ತೇನೆ, ಔಷಧಿ ಬಾಟಲಿಯ ಮೇಲಿನ ಚೀಟಿ ನಾನೇ ಓದುತ್ತೇನೆ, ಮೊಮ್ಮಗಳು ಬರೆದದ್ದರಲ್ಲಿ ತಪ್ಪು ಕಂಡುಹಿಡಿದು ಅವಳಿಂದ ಬೈಸಿಕೊಂಡೆ, ಇದೆಲ್ಲ ನಿಮ್ಮ ಕೈಯಿಂದ ಆದದ್ದು ಎಂದು ಬರೆದಿತ್ತು.

ಅಧಿಕಾರಿ ನೋಟಿಸನ್ನು ನಾಲ್ಕು ಮಡಿಕೆ ಮಾಡಿ ಕಡತದೊಳಗಿಟ್ಟರು.

"ಇಷ್ಟು ವರ್ಷ ಕೆಲಸ ಮಾಡಿದೀನಿ," ಎಂದರು. "ನಾನು ಮುಟ್ಟಿದಾಗ ಯಾರೂ 'ಇದೇ ಕೈ' ಅಂದಿರಲಿಲ್ಲ."

ಅಧಿಕಾರಿಯ ಬಾಯಿಂದ ನಿಜ ತಿಳಿದು ಮೆಟ್ಟಿಲ ಮೇಲೆ ಕೋಲಾಹಲವೆದ್ದಿತು. "ಹಾಗಾದ್ರೆ ನನ್ನ ಅಂಗಡಿ ವಿಷಯ?" ಎಂದಳು ಟೈಲರಮ್ಮ. ನಿನ್ನ ಬೆರಳು ಉದ್ದವಾಯಿತು ಎಂದಷ್ಟೇ ಅದರ ಅರ್ಥ ಎಂದೆ. ಔಷಧಿ ಅಂಗಡಿಯಾಕೆ ಹಣೆಗೆ ಕೈ ಹಚ್ಚಿಕೊಂಡು, "ನಾನು ವರನ್ನ ಬೇಡ ಅಂದ್ಬಿಟ್ಟೆನಲ್ಲಮ್ಮಾ," ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಸ್ವಲ್ಪ ಯೋಚಿಸಿ, "ಇರಲಿ ಬಿಡಿ. ಬೇಡ ಅನ್ನಕ್ಕೆ ಯಾರಾದ್ರೂ ಧೈರ್ಯ ಕೊಡ್ಬೇಕಿತ್ತು," ಎಂದಳು. ಆ ಹುಡುಗಿಗೆ ಒಳ್ಳೆಯದಾಗಲಿ ಎಂದು ನಾನು ಇವತ್ತಿಗೂ ನೆನೆಯುತ್ತೇನೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಬೆರಳಿನ ಅಳತೆ ಸಿಕ್ಕಿತ್ತು, ಬಳೆ ಸಿದ್ಧವಾಯಿತು, ತಗಡಿನ ಮೇಲೆ ಗೋಡೆಯೂ ಈ ಸಲ ನೆಟ್ಟಗೆ ನಿಂತಿತು. ತಗಡಿಗೆ ಬಳೆ ಬೆಸೆಯುವುದೊಂದೇ ಬಾಕಿ. ಆದರೆ ಮರುದಿನ ನಾನು ಮತ್ತೆ ಹೆಸರುಕಾಳಿನ ಮೊರ ಹಿಡಿದು ಕೂತಿದ್ದಾಗ, ಮೇಜಿನ ಕಡೆಯಿಂದ ಸದ್ದೇ ಇರಲಿಲ್ಲ. ತಿರುಗಿ ನೋಡಿದೆ. ನಾಲಿಗೆ ಬಲಮೂಲೆಯಲ್ಲಿತ್ತು.

"ಏನ್ರೀ?"

"ಏನಿಲ್ಲ. ಹರಳು ಹಿಡಿಸತ್ತಾ ಅಂತ ಒಂದ್ಸಲ ಇಟ್ಟು ನೋಡ್ದೆ."

"ಹಿಡಿಸ್ತಾ?"

"ಬಹಳ ಚೆನ್ನಾಗಿ ಹಿಡಿಸ್ತು."

"ದಾರ ಹಾಕಿದ್ರಾ?"

ದಾರ ಬೀದಿಯ ಹೆಂಗಸರ ಬೆರಳುಗಳ ಮೇಲಿತ್ತು.

ಹರಳು ಬಿಗಿಯಾಗಿ ಕೂತಿತ್ತು. ಬಳೆ ಬೆಸೆಯೋಣವೆಂದರೆ ಬೆಂಕಿಗೆ ಹರಳು ಬಿರಿಯುತ್ತದೆ. ಕೀಳೋಣವೆಂದರೆ ಗೋಡೆ ಹರಿಯುತ್ತದೆ. ಇನ್ನೆರಡು ದಿನ ಕಳೆದರೆ, ಅಂಚೆ ತಲುಪುವ ಹೊತ್ತಿಗೆ ಟೀಚರಮ್ಮನ ಮನೆಗೆ ಬೀಗ. ಇವರು ಬೋರಲು ಹಾಕಿ ತಟ್ಟಿದರು, ಊದಿದರು, ಅಂಗಲಾಚಿದರು. ಸುದ್ದಿ ತಿಳಿದು, ಭವಿಷ್ಯವಿಲ್ಲದಿದ್ದರೂ ಜನ ಮತ್ತೆ ಬಂದರು. ಔಷಧಿ ಅಂಗಡಿಯಾಕೆ ಹನಿ ಹಾಕುವ ರಬ್ಬರು ಕೊಳವೆ ತಂದು ಮೇಲಿನಿಂದ ಹೀರಿಸಿ ನೋಡಿದಳು. ನಾದಿನಿ, "ಕುಟ್ಟಾಣಿ ತರ್ಲಾ?" ಎಂದಳು. ಟೈಲರಮ್ಮ ಸೊಂಟದ ಮೇಲೆ ಕೈಯಿಟ್ಟು ಹೇಳಿದಳು:

"ಪಕ್ಕದ ಮನೇಲಿ ಟೈಲರ್ ಇಟ್ಕೊಂಡು ದಾರ ಇಲ್ಲ ಅಂತ ಕೂತ್ರಲ್ಲ. ಏನು ಹೇಳಲಿ ನಿಮಗೆ."

ಅಷ್ಟರಲ್ಲಿ ಅಧಿಕಾರಿ ಬಂದರು. ಉಂಗುರವನ್ನು ಬೆರಳಿಗೆ ಹಾಕಿ ನೋಡಲು ಇವರೇ ಅವರನ್ನು ಆ ಹೊತ್ತಿಗೆ ಬರಹೇಳಿದ್ದರು. ಬೆಳ್ಳಿಯ ತಗಡನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಹಿಂದುಗಡೆ ಏನಿದೆ?"

"ಬರೀ ತಗಡು ಮೇಡಂ."

"ನಾನು ಯಾವ ಅಂಗಡಿಗೆ ಹೋದ್ರೂ ಮೊದಲು ನೋಡೋದು ಹಿಂಬಾಗಿಲು. ಇದಕ್ಕೆ ಹಿಂಬಾಗಿಲೇ ಇಲ್ವಲ್ಲ."

ನಮ್ಮ ಯಜಮಾನರು ಹಣೆ ಬಡಿದುಕೊಂಡರು. ಹರಳು ಸಿಕ್ಕಿಕೊಂಡರೆ ತಗಡಿನ ಹಿಂದಿನಿಂದ ಸಣ್ಣ ತೂತು ಕೊರೆದು ಕಡ್ಡಿಯಿಂದ ತಳ್ಳಬೇಕೆಂದು ಬೆಳ್ಳಿ ಮೇಷ್ಟ್ರು ಮೊದಲನೆಯ ದಿನವೇ ಹೇಳಿದ್ದರಂತೆ. ಆ ದಿನ ಇವರು, ತರಗತಿ ತಡವಾಗಿ ಶುರುವಾಯಿತು ಎಂದು ಮೇಷ್ಟ್ರ ಗಡಿಯಾರವನ್ನು ಸರಿಮಾಡುತ್ತಾ ಕೂತಿದ್ದರಂತೆ.

ಕೈಬೈರಿಗೆಯಿಂದ ಕೊರೆದರು, ಹರಳಿಗೆ ತಾಗದ ಹಾಗೆ, ಉಸಿರು ಹಿಡಿದು. ನಾವೂ ಹಿಡಿದೆವು. ಪೊರಕೆಯ ಕಡ್ಡಿ ಮುರಿದು ತೂತಿನಲ್ಲಿಟ್ಟು ಒತ್ತಿದರು. ಮೊದಲು ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಟಪ್ಪೆಂದು ಹರಳು ಹಾರಿ, ಕಿಟಕಿಗೆ ಬಡಿದು, ನನ್ನ ಮೊರದೊಳಗೆ ಬಿತ್ತು.

ಹಸಿರು ಹೆಸರುಕಾಳಿನ ನಡುವೆ ಹಸಿರು ಹರಳು.

ಮೊರವನ್ನು ನೆಲದ ಮೇಲಿಟ್ಟು ಎಲ್ಲರೂ ಸುತ್ತ ಕೂತೆವು. ನಗರಸಭೆಯ ಅಧಿಕಾರಿ ಸೀರೆಯ ಗೆರೆ ಮುರಿದು ನನ್ನ ಪಕ್ಕ ಕೂತರು. ದಾರ ಕಟ್ಟಿದ ಬೆರಳುಗಳೆಲ್ಲ ಒಂದೇ ಮೊರದಲ್ಲಿ ಕಾಳು ಸರಿಸುತ್ತಿದ್ದವು. ನನಗಿಂತ ಚೆನ್ನಾಗಿ ಕಲ್ಲು ಆರಿಸುವವರು ಇಲ್ಲವೆಂದು ನಾನು ಅಂದುಕೊಂಡಿದ್ದೆ, ಆದರೆ ಕಣ್ಣು ಮಂಜಾಗಿತ್ತು.

"ಅತ್ತಿಗೆ, ಕೈ ಕೊಡಿ."

ನಾದಿನಿ ನನ್ನ ಅಂಗೈಯಲ್ಲಿ ಏನೋ ಇಟ್ಟು, ಬೆರಳು ಮಡಿಸಿ, ಮೇಲೆ ತನ್ನ ಕೈ ಮುಚ್ಚಿದಳು. ಗಟ್ಟಿಯಾಗಿತ್ತು, ತಣ್ಣಗಿತ್ತು.

"ಹೌದು," ಎಂದೆ. "ಇದೇ ಕಣಮ್ಮಾ."

ಅವಳ ಮುಖ ಅರಳಿತು. ಸಂಜೆಯ ಬಸ್ಸಿಗೆ ಊರಿಗೆ ಹೊರಟಳು. ಮನಸ್ಸಿನಲ್ಲಿ ಏನು ಕೇಳಿಕೊಂಡಿದ್ದಳೋ ಇವತ್ತಿನವರೆಗೂ ಹೇಳಿಲ್ಲ. ಏನೇ ಆಗಿರಲಿ, ಆಗಲಿ.

ಬಳೆ ಬೆಸೆದರು. ಟೈಲರಮ್ಮನ ದಾರ ಹಾಸಿ ಹರಳು ಹಿಡಿಸುತ್ತದೆಂದು ನೋಡಿ, ದಾರ ಎಳೆದು ತೆಗೆದು, ಎಲ್ಲ ಉಜ್ಜಿ ನುಣುಪು ಮಾಡಿ, ಕೊನೆಗೆ ಕೂರಿಸಿದರು. ಈ ಕಡೆ ಸ್ವಲ್ಪ, ಎದುರು ಕಡೆ ಸ್ವಲ್ಪ. ಸುಕ್ಕು ಬೀಳಲಿಲ್ಲ. ಹಿಂದಿನ ತೂತಿನಿಂದ ಬೆಳಕು ಬಂದು ಹರಳು ಮೊದಲಿಗಿಂತ ಹಸಿರಾಗಿ ಕಾಣುತ್ತಿತ್ತು. ಅದಕ್ಕೆಂದೇ ತೂತು ಮಾಡಿದ್ದು ಎಂದು ಇವರು ಅಲ್ಲಿದ್ದವರಿಗೇ ಹೇಳಿದರು.

ಅಧಿಕಾರಿ ಉಂಗುರ ಹಾಕಿ ನೋಡಿದರು. "ಸರಿಯಾಗಿದೆ," ಎಂದು ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಬಿಚ್ಚಿ ಕೊಟ್ಟರು.

ಅಂಚೆ ಕಚೇರಿಗೆ ಹೋದೆವು. ಡಬ್ಬಿಯ ಒಳಗೆ ಉಂಗುರ, ಅದರ ಮೇಲೆ ಕಾಗದ. ಕೊನೆಗೆ ಒಂದು ಸಾಲು ಸೇರಿಸಿದ್ದೆ: ಈ ಉಂಗುರಕ್ಕೆ ನಮ್ಮ ಬೀದಿಯವರೆಲ್ಲ ಕೈ ಕೊಟ್ಟಿದ್ದಾರೆ, ನಮ್ಮ ಮನೆಯವರು ಎಲ್ಲರಿಗಿಂತ ಹೆಚ್ಚು. ಯಾರ ಹತ್ತಿರವೂ ತಿದ್ದಿಸಲಿಲ್ಲ. ವಿಳಾಸವನ್ನು ನಾನೇ ಬರೆದೆ. ಕಿಟಕಿಯಾಚೆಯ ಗುಮಾಸ್ತೆ ತೂಗಿದಳು, ಮುದ್ರೆ ಎತ್ತಿಕೊಂಡಳು. ನಾನು ಡಬ್ಬಿಯನ್ನು ಅವಳ ಕಡೆ ತಳ್ಳಿದೆ.

ನನ್ನ ಕೈ ಮೇಲೆ ಒಂದು ಕೈ ಬಿತ್ತು. ಅರ ಹಿಡಿದು ಒರಟಾದ, ಅಲ್ಲಲ್ಲಿ ಬೆಂಕಿ ತಾಗಿದ ಕೈ.

"ಇರು ಇರು," ಎಂದರು ನಮ್ಮ ಯಜಮಾನರು. "ಒಂದು ಕಡೆ ಅಂಚು ಕೂದಲೆಳೆ ಎತ್ತರ ಇದೆ ಅನ್ಸತ್ತೆ. ಮನೆಗೆ ಹೋಗಿ ಒಂದ್ಸಲ ಅರ ಆಡಿಸ್ಕೊಂಡು..."

ನಾನು ಕಣ್ಣು ಮುಚ್ಚಿದೆ. ಆ ಕೈ ನನ್ನ ಕೈ ಮೇಲೆ ಚೆನ್ನಾಗಿಯೇ ಇತ್ತು. ಸ್ವಲ್ಪ ಹೊತ್ತು ಹಾಗೇ ಬಿಟ್ಟೆ.

"ಇದಲ್ಲ," ಎಂದೆ.

ಅವರು ಕೈ ತೆಗೆದರು. ಮುದ್ರೆ ಬಿತ್ತು. ಡಬ್ಬಿ ಅಂಚೆ ಚೀಲದೊಳಗೆ ಹೋಯಿತು.